ಅದೇ ಪಾತ್ರ, ಬೇರೆ ಕೈ: ಅನಿಮೇಷನ್ ಚಿತ್ರದ ಎರಡನೇ ಭಾಗಕ್ಕೆ ಕಥೆ ಕಟ್ಟುವ ಬಗೆ

ಆ್ಯಂಡಿ ಎಂಬ ಹುಡುಗನ ಜೀವಂತ ಗೊಂಬೆಗಳ ಕಥೆ ಹೇಳುವ 'ಟಾಯ್ ಸ್ಟೋರಿ' ಸರಣಿಯ ಮೂರನೇ ಚಿತ್ರಕ್ಕೆ ಎರಡು ಕಥೆಗಳು ಹುಟ್ಟಿದ್ದವು. 2000ದ ದಶಕದ ನಡುವೆ ಚಿತ್ರಗಳನ್ನು ಹಂಚುತ್ತಿದ್ದ ಡಿಸ್ನಿಗೂ ಅವನ್ನು ತಯಾರಿಸುತ್ತಿದ್ದ ಅನಿಮೇಷನ್ ಸ್ಟುಡಿಯೊ ಪಿಕ್ಸಾರ್‌ಗೂ ಮನಸ್ತಾಪ ಬೆಳೆದಾಗ, ಪಿಕ್ಸಾರ್ ಚಿತ್ರಗಳ ಮುಂದಿನ ಭಾಗಗಳನ್ನು ಪಿಕ್ಸಾರ್ ಇಲ್ಲದೆಯೇ ಮಾಡಲೆಂದು ಡಿಸ್ನಿ 'ಸರ್ಕಲ್ 7' ಎಂಬ ಸ್ಟುಡಿಯೊ ತೆರೆಯಿತು. ಅಲ್ಲಿಗೆ ಜಿಮ್ ಹರ್ಜ್‌ಫೆಲ್ಡ್ ಬರೆದ ಕಥೆಯಲ್ಲಿ ಗಗನಯಾತ್ರಿ ಗೊಂಬೆ ಬಜ್ ಲೈಟ್‌ಇಯರ್ ಕೆಟ್ಟುಹೋಗುತ್ತಾನೆ. ರಿಪೇರಿಗೆಂದು ಅವನನ್ನು ತೈವಾನಿನ ಕಾರ್ಖಾನೆಗೆ ಕಳಿಸುತ್ತಾರೆ. ಆ ಮಾದರಿಯ ಗೊಂಬೆಗಳನ್ನೆಲ್ಲ ಕಂಪನಿ ವಾಪಸ್ ತರಿಸಿಕೊಳ್ಳುತ್ತಿದೆ ಎಂದು ತಿಳಿದ ಉಳಿದ ಗೊಂಬೆಗಳು, ತಮ್ಮನ್ನು ತಾವೇ ಪಾರ್ಸೆಲ್ ಮಾಡಿಕೊಂಡು ಗೆಳೆಯನನ್ನು ಉಳಿಸಲು ಹೊರಡುತ್ತವೆ. 2006ರಲ್ಲಿ ಡಿಸ್ನಿ ಪಿಕ್ಸಾರನ್ನೇ ಕೊಂಡಿತು. ಸರ್ಕಲ್ 7 ಮುಚ್ಚಿತು, ಆ ಕಥೆಯೂ ಅಲ್ಲಿಗೇ ನಿಂತಿತು. ಪಿಕ್ಸಾರ್ ತಂಡ ಮೊದಲಿನಿಂದ ಯೋಚಿಸಿತು. ಆಂಡ್ರ್ಯೂ ಸ್ಟ್ಯಾಂಟನ್ ಕಥೆಯ ಸ್ಥೂಲರೂಪ ಬರೆದರು, ಮೈಕೆಲ್ ಆರ್ಂಟ್ ಚಿತ್ರಕಥೆ ಬರೆದರು. ಅದರಲ್ಲಿ ಆ್ಯಂಡಿಗೆ ಹದಿನೇಳು ವರ್ಷ, ಕಾಲೇಜಿಗೆ ಹೊರಟು ನಿಂತಿದ್ದಾನೆ. 2010ರಲ್ಲಿ ತೆರೆಗೆ ಬಂದು, ಹಲವರನ್ನು ಥಿಯೇಟರಿನಲ್ಲೇ ಅಳಿಸಿದ ಚಿತ್ರ ಇದೇ.

ತೈವಾನಿನ ಕಥೆ ಕಳಪೆಯೆಂದು ನಾನು ಹೇಳುವುದಿಲ್ಲ. ಅದರಲ್ಲಿ ಸಾಹಸವಿದೆ, ಗೆಳೆತನವಿದೆ. ಆದರೆ ಅದನ್ನು ಯಾವ ಗೊಂಬೆಗಳ ಗುಂಪಿನ ಮೇಲೆ ಬೇಕಾದರೂ ಕೂರಿಸಬಹುದು. ಆ್ಯಂಡಿ ದೊಡ್ಡವನಾಗುವ ಕಥೆಗೆ ಮಾತ್ರ ಈ ಗೊಂಬೆಗಳೇ ಬೇಕು. ಮೊದಲೆರಡು ಚಿತ್ರಗಳುದ್ದಕ್ಕೂ ಅವನು ತಮ್ಮನ್ನು ಬಿಟ್ಟುಬಿಡುತ್ತಾನೆ ಎಂಬ ಭಯ ಹಿನ್ನೆಲೆಯಲ್ಲಿ ಇದ್ದೇ ಇತ್ತು. ಎರಡನೇ ಭಾಗದ ಕಥೆ ಹೊರಗಿನಿಂದ ಬರಬಾರದು, ಮೊದಲ ಭಾಗ ಬಗೆಹರಿಸದೆ ಬಿಟ್ಟ ಜಾಗದಿಂದಲೇ ಮೇಲೇಳಬೇಕು. ಈ ಬರಹದಲ್ಲಿ ನಾನು ಒತ್ತಿ ಹೇಳುವುದು ಇದನ್ನೇ. ಅನಿಮೇಷನ್ ಕಲಿಯುತ್ತಿರುವವರಿಗೆ, ಕಿರುಚಿತ್ರವೊಂದನ್ನು ಮಾಡಿ ಅದಕ್ಕೆ ಮುಂದಿನ ಭಾಗ ಬೇಕೆನಿಸಿದವರಿಗೆ, ಮಕ್ಕಳ ಸರಣಿ ಬರೆಯುವವರಿಗೆ ಮುಂದಿನ ಹಂತಗಳು ನೆರವಾಗಲಿ.

ಹಂತ 1: ಮೊದಲ ಚಿತ್ರವನ್ನು ನೋಟ್‌ಬುಕ್ ಹಿಡಿದು ನೋಡಿ

ಹೊಸ ಕಥೆ ಯೋಚಿಸಬೇಡಿ, ಹಳೆಯ ಚಿತ್ರವನ್ನು ಮತ್ತೆ ನೋಡಿ. ನೋಡುತ್ತ ಮೂರು ಪಟ್ಟಿ ಮಾಡಿ. ಯಾರೂ ಉತ್ತರ ಕೊಡದ ಪ್ರಶ್ನೆಗಳು ಒಂದು ಪಟ್ಟಿ. ತಮಾಷೆಗೆಂದು ಹೇಳಿ ದಾಟಿಹೋದ ಸಂಗತಿಗಳು ಇನ್ನೊಂದು. ಕೊನೆಯಲ್ಲಿ ಎಲ್ಲರೂ ಸುಖವಾಗಿದ್ದಾರೆ ಎಂದು ತೋರಿಸುವಾಗ ಚಿತ್ರ ಯಾವ ಕಷ್ಟದ ಕಡೆಗೆ ನೋಡದೆ ಮುಗಿಯಿತು ಎಂಬುದು ಮೂರನೆಯದು.

ಎರಡನೇ ಪಟ್ಟಿಯೇ ಬಹಳ ಸಲ ಚಿನ್ನದ ಗಣಿ. 2008ರ 'ಕುಂಗ್ ಫು ಪಾಂಡಾ'ದಲ್ಲಿ ಪಾಂಡಾ ಪೋವಿನ ಅಪ್ಪ ಒಂದು ಹೆಬ್ಬಾತು, ನೂಡಲ್ ಅಂಗಡಿಯ ಪಿಂಗ್. ಒಂದು ದೃಶ್ಯದಲ್ಲಿ ಪಿಂಗ್, ನಿನಗೆ ಎಂದೋ ಹೇಳಬೇಕಾಗಿದ್ದ ಮಾತೊಂದಿದೆ ಎಂದು ಗಂಭೀರನಾಗುತ್ತಾನೆ. ದತ್ತು ತೆಗೆದುಕೊಂಡ ವಿಷಯ ಬರುತ್ತದೆ ಎಂದು ನಾವು ಕಾಯುತ್ತೇವೆ. ಅವನು ಹೇಳುವುದು ತನ್ನ ಸೂಪಿನ ಗುಟ್ಟನ್ನು. ಎಲ್ಲರೂ ನಗುತ್ತಾರೆ, ಕಥೆ ಮುಂದೆ ಹೋಗುತ್ತದೆ. ಆ ಚಿತ್ರದ ಚಿತ್ರಕಥೆ ಬರೆದ ಜೊನಾಥನ್ ಐಬೆಲ್ ಮತ್ತು ಗ್ಲೆನ್ ಬರ್ಗರ್ ಜೋಡಿಯೇ 2011ರ ಎರಡನೇ ಭಾಗವನ್ನೂ ಬರೆಯಿತು. ನಗಿಸಿ ಬಿಟ್ಟಿದ್ದ ಆ ಸಂಗತಿಯನ್ನೇ ಅವರು ಇಡೀ ಚಿತ್ರದ ನೋವನ್ನಾಗಿ ಮಾಡಿದರು. ನಾನು ಯಾರ ಮಗ? ಮೂಲಂಗಿ ತುಂಬಿದ್ದ ಪೆಟ್ಟಿಗೆಯಲ್ಲಿ ಸಿಕ್ಕ ಮಗುವಿನ ಕಥೆಯನ್ನು ಪಿಂಗ್ ಕೊನೆಗೂ ಹೇಳುತ್ತಾನೆ, ಈ ಸಲ ಯಾರೂ ನಗುವುದಿಲ್ಲ. ನಿರ್ದೇಶಕಿ ಜೆನಿಫರ್ ಯು ನೆಲ್ಸನ್ ಮೊದಲ ಚಿತ್ರದಲ್ಲಿ ಸ್ಟೋರಿ ವಿಭಾಗದ ಮುಖ್ಯಸ್ಥೆಯಾಗಿದ್ದವರು. ಹಳೆಯ ಮನೆಯ ಮೂಲೆಮೂಲೆ ಗೊತ್ತಿದ್ದವರ ಕೆಲಸ ಇದು ಎಂಬುದು ಚಿತ್ರ ನೋಡಿದರೆ ತಿಳಿಯುತ್ತದೆ.

ಕೆಲವೊಮ್ಮೆ ಉಳಿದುಕೊಂಡ ಸಂಗತಿ ಕಣ್ಣಿಗೆ ಬೀಳದಷ್ಟು ಸಣ್ಣದು. 2018ರ 'ಸ್ಪೈಡರ್‌ಮ್ಯಾನ್: ಇನ್‌ಟು ದ ಸ್ಪೈಡರ್‌ವರ್ಸ್'ನಲ್ಲಿ ಹುಡುಗ ಮೈಲ್ಸ್‌ನನ್ನು ಕಚ್ಚಿ ಸ್ಪೈಡರ್‌ಮ್ಯಾನ್ ಮಾಡುವ ಜೇಡ ಒಂದು ಕ್ಷಣ ಬಣ್ಣ ಕದಡಿದಂತೆ ಮಿಣುಕುತ್ತದೆ. ಬೇರೆ ಲೋಕದಿಂದ ಬಂದವರೆಲ್ಲ ಹಾಗೆ ಮಿಣುಕುತ್ತಾರೆ ಎಂಬುದು ನಮಗೆ ತಿಳಿಯುವುದು ಆಮೇಲೆ. 2023ರ ಮುಂದಿನ ಭಾಗ ಬರೆದ ಫಿಲ್ ಲಾರ್ಡ್, ಕ್ರಿಸ್ಟೋಫರ್ ಮಿಲ್ಲರ್, ಡೇವ್ ಕ್ಯಾಲಹ್ಯಾಮ್ ಆ ಮಿಣುಕನ್ನು ಹಿಡಿದೇ ಕಥೆ ಕಟ್ಟಿದರು. ಆ ಜೇಡ ಈ ಲೋಕದ್ದಲ್ಲ, ಮೈಲ್ಸ್ ಸ್ಪೈಡರ್‌ಮ್ಯಾನ್ ಆಗಬೇಕಾದವನೇ ಅಲ್ಲ, ಜೇಡ ಕಚ್ಚಬೇಕಿದ್ದ ಇನ್ನೊಬ್ಬ ಬೇರೊಂದು ಲೋಕದಲ್ಲಿ ಖಾಲಿ ಉಳಿದಿದ್ದಾನೆ. ಮೊದಲ ಚಿತ್ರ ಯಾರು ಬೇಕಾದರೂ ಈ ಮುಖವಾಡ ತೊಡಬಹುದು ಎಂದು ಹೇಳಿ ಮುಗಿದಿತ್ತು. ಎರಡನೆಯದು ಆ ಮಾತನ್ನೇ ಎದುರು ನಿಲ್ಲಿಸಿ ಪ್ರಶ್ನಿಸಿತು.

ಮೂರನೇ ಪಟ್ಟಿಗೆ ಒಳ್ಳೆಯ ಉದಾಹರಣೆ 'ಶ್ರೆಕ್ 2' (2004). ಮೊದಲ ಚಿತ್ರದ ಬರಹಗಾರರಲ್ಲಿ ಇಬ್ಬರಾದ ಟೆಡ್ ಎಲಿಯಟ್ ಮತ್ತು ಟೆರ್ರಿ ರೊಸಿಯೊ ಎರಡನೆಯದೂ ಸಾಂಪ್ರದಾಯಿಕ ಕಟ್ಟುಕಥೆಯ ಚೌಕಟ್ಟಿನಲ್ಲೇ ಇರಬೇಕೆಂದು ಬಯಸಿದ್ದರು. ನಿರ್ಮಾಪಕರೊಡನೆ ಭಿನ್ನಾಭಿಪ್ರಾಯ ಬಂದು ಅವರು ಹೊರನಡೆದರು. ನಿರ್ದೇಶಕ ಆಂಡ್ರ್ಯೂ ಆ್ಯಡಮ್‌ಸನ್ ಬೇರೆ ಬರಹಗಾರರೊಡನೆ ಸೇರಿ ಕಟ್ಟಿದ ಕಥೆ ಕಟ್ಟುಕಥೆಗಳು ಎಂದೂ ಹೇಳದ ಭಾಗದ್ದು: ಮದುವೆಯಾದ ಮೇಲೆ ಅತ್ತೆ ಮಾವನ ಮನೆಗೆ ಹೋಗುವುದು. ಮೊದಲ ಚಿತ್ರದಲ್ಲಿ ರಾಜಕುಮಾರಿ ಫಿಯೋನಾ ತನ್ನ ರಾಕ್ಷಸ ರೂಪವನ್ನು ಒಪ್ಪಿಕೊಂಡು ರಾಕ್ಷಸ ಶ್ರೆಕ್‌ನ ಕೈಹಿಡಿದಳು. ರಾಜ ರಾಣಿಯರ ಊಟದ ಮೇಜಿನ ಮುಂದೆ ಕೂತಾಗ ಶ್ರೆಕ್ ತನ್ನನ್ನು ತಾನು ಒಪ್ಪಿಕೊಳ್ಳಬಲ್ಲನೇ? ಯಾರೂ ಕೇಳಿರದ ಪ್ರಶ್ನೆ ಅದು.

ಪಟ್ಟಿ ಮುಗಿದ ಮೇಲೆ ಒಂದನ್ನು ಮಾತ್ರ ಆರಿಸಿ. ಮಿಕ್ಕವನ್ನು ದೃಶ್ಯಗಳಲ್ಲಿ ಅಲ್ಲಲ್ಲಿ ಬಳಸಿಕೊಳ್ಳಬಹುದು. ಬೆನ್ನೆಲುಬಿಗೆ ಒಂದೇ ಪ್ರಶ್ನೆ ಸಾಕು.

ಹಂತ 2: ನಡುವೆ ಎಷ್ಟು ಕಾಲ ಕಳೆದಿದೆ ಎಂದು ತೀರ್ಮಾನಿಸಿ

ನಟರಿಗೆ ವಯಸ್ಸಾಗುತ್ತದೆ, ಚಿತ್ರಿಸಿದ ಪಾತ್ರಗಳಿಗೆ ಆಗುವುದಿಲ್ಲ. ಹಾಗಾಗಿ ಅನಿಮೇಷನ್‌ನಲ್ಲಿ ಕಾಲ ಬರಹಗಾರರ ಕೈಯಲ್ಲೇ ಇರುವ ಹಗ್ಗ. ಎಷ್ಟು ಬಿಗಿಯಬೇಕು, ಎಷ್ಟು ಸಡಿಲಿಸಬೇಕು ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ನಿರ್ಧರಿಸಿದ್ದಾರೆ.

ಬ್ರ್ಯಾಡ್ ಬರ್ಡ್ 2004ರಲ್ಲಿ ಅತಿಮಾನವ ಶಕ್ತಿಗಳಿರುವ ಕುಟುಂಬವೊಂದರ ಕಥೆ 'ದ ಇನ್‌ಕ್ರೆಡಿಬಲ್ಸ್' ಬರೆದು ನಿರ್ದೇಶಿಸಿದರು. ಎರಡನೇ ಭಾಗ ಬಂದದ್ದು 2018ರಲ್ಲಿ, ಹದಿನಾಲ್ಕು ವರ್ಷಗಳ ನಂತರ. ಕಥೆಯೊಳಗೆ ಮಾತ್ರ ಹೆಚ್ಚುಕಡಿಮೆ ಒಂದು ನಿಮಿಷವೂ ಕಳೆದಿಲ್ಲ. ಮೊದಲ ಚಿತ್ರ ನಿಂತ ಪಾರ್ಕಿಂಗ್ ಜಾಗದಿಂದಲೇ ಎರಡನೆಯದು ಶುರುವಾಗುತ್ತದೆ. ಮಕ್ಕಳು ಅದೇ ವಯಸ್ಸು, ಜ್ಯಾಕ್‌ಜ್ಯಾಕ್ ಇನ್ನೂ ಕೂಸು. ಆ ಕೂಸಿಗೆ ಶಕ್ತಿಗಳಿವೆ ಎಂದು ನಮಗೆ ಗೊತ್ತು, ಹೆತ್ತವರಿಗೆ ಗೊತ್ತಿಲ್ಲ. ಹಳೆಯ ಚಿತ್ರ ಉಳಿಸಿದ ಈ ಅಂತರದಿಂದಲೇ ಬರ್ಡ್ ಅಷ್ಟೊಂದು ನಗು ಎತ್ತಿದರು. ಕಾಲ ದಾಟಿಸಿದ್ದರೆ ಅದು ಕೈತಪ್ಪುತ್ತಿತ್ತು.

ಡೀನ್ ಡೆಬ್ಲೋಯಿಸ್ ಉಲ್ಟಾ ದಾರಿ ಹಿಡಿದರು. 'ಹೌ ಟು ಟ್ರೇನ್ ಯುವರ್ ಡ್ರ್ಯಾಗನ್' (2010) ಚಿತ್ರಕಥೆಯನ್ನು ಅವರು ಕ್ರಿಸ್ ಸ್ಯಾಂಡರ್ಸ್ ಮತ್ತು ವಿಲ್ ಡೇವೀಸ್ ಜೊತೆ ಬರೆದಿದ್ದರು. 2014ರ ಭಾಗವನ್ನು ಒಬ್ಬರೇ ಬರೆದು ನಿರ್ದೇಶಿಸಿದರು, ಅದೂ ಮೂರು ಚಿತ್ರಗಳ ಒಂದೇ ಕಥೆಯ ನಡುವಿನ ಭಾಗವಾಗಿ. ಮೊದಲ ಚಿತ್ರದಲ್ಲಿ ಹದಿನೈದರ ಹುಡುಗನಾಗಿದ್ದ ನಾಯಕ ಹಿಕಪ್ ಇಲ್ಲಿ ಇಪ್ಪತ್ತರ ತರುಣ. ಹುಡುಗನಾಗಿದ್ದಾಗ ಅಪ್ಪ ತನ್ನನ್ನು ಒಪ್ಪಲಿ ಎಂಬುದು ಅವನ ಹಂಬಲ. ಈಗ ಅಪ್ಪ ಒಪ್ಪಿದ್ದಾನೆ, ನಾಯಕನ ಪಟ್ಟವನ್ನೂ ಕೊಡಲು ತಯಾರಾಗಿದ್ದಾನೆ, ಮಗನಿಗೆ ಅದು ಬೇಡ. ಐದು ವರ್ಷ ಸೇರಿಸಿದ್ದರಿಂದಲೇ ಹುಟ್ಟಿದ ತೊಡಕು ಇದು.

ನಿಮ್ಮ ಕಥೆಗೆ ಯಾವುದು ಸರಿ? ಹಂತ 1ರಲ್ಲಿ ಆರಿಸಿಕೊಂಡ ಪ್ರಶ್ನೆಯನ್ನು ಎದುರಿಗಿಟ್ಟುಕೊಳ್ಳಿ. ಪಾತ್ರಕ್ಕೆ ವಯಸ್ಸಾದರೆ ಆ ಪ್ರಶ್ನೆ ಇನ್ನೂ ಕಠಿಣವಾಗುವುದಾದರೆ ಕಾಲ ದಾಟಿಸಿ. ಮರೆತುಹೋಗುವಂಥದ್ದಾದರೆ ದಾಟಿಸಬೇಡಿ. 'ಇನ್‌ಸೈಡ್ ಔಟ್ 2' (2024) ಬರೆದ ಮೆಗ್ ಲಫೋವ್ ಮತ್ತು ಡೇವ್ ಹೋಲ್‌ಸ್ಟೀನ್‌ಗೆ ಯಾರ ಮನಸ್ಸಿನೊಳಗೆ ಕಥೆ ನಡೆಯುತ್ತದೋ ಆ ಹುಡುಗಿ ರೈಲಿಯ ಹದಿಮೂರನೇ ವಯಸ್ಸೇ ಕಥೆ. ಮೊದಲ ಭಾಗದಲ್ಲಿ ಪಾತ್ರಗಳಾಗಿದ್ದ ಐದು ಭಾವನೆಗಳ ಜೊತೆ ಆತಂಕ, ಅಸೂಯೆ, ಮುಜುಗರ, ಬೇಸರ ಬಂದು ಕೂರಲು ಆ ವಯಸ್ಸು ಬೇಕೇ ಬೇಕಿತ್ತು. ಲಫೋವ್ ಮೊದಲ ಚಿತ್ರದ ಬರಹಗಾರರಲ್ಲೂ ಒಬ್ಬರು. ರೈಲಿ ಬೆಳೆದರೂ ಅವಳ ಮನಸ್ಸಿನ ಕಟ್ಟಡದ ನಿಯಮಗಳು ಎಲ್ಲೂ ಅಲುಗದೆ ಇರುವುದಕ್ಕೆ ಅದೂ ಕಾರಣವಿರಬೇಕು.

ಹಂತ 3: ಇದು ಯಾರ ಚಿತ್ರ?

ಎಲ್ಲರ ಮೆಚ್ಚಿನ ಪಕ್ಕದ ಪಾತ್ರವನ್ನು ನಾಯಕನ ಜಾಗಕ್ಕೆ ತರುವ ಆಸೆ ಎಲ್ಲ ಬರಹಗಾರರಿಗೂ ಬರುತ್ತದೆ. ಬರಲಿ, ಆದರೆ ಹುಷಾರಾಗಿರಿ. 'ಫೈಂಡಿಂಗ್ ನೀಮೊ'ದ (2003) ಡೋರಿಗೆ ಮರೆವು. ಪಕ್ಕದ ಪಾತ್ರವಾಗಿ ಅದು ಸೊಗಸು, ಕ್ಷಣಕ್ಕೊಂದು ನಗು. ಅವಳನ್ನೇ ನಾಯಕಿ ಮಾಡಿ 'ಫೈಂಡಿಂಗ್ ಡೋರಿ' (2016) ಬರೆಯಹೊರಟಾಗ ಆಂಡ್ರ್ಯೂ ಸ್ಟ್ಯಾಂಟನ್‌ಗೆ ಎದುರಾದ ತೊಡಕು ಗಂಭೀರವಾದದ್ದು. ಮುಖ್ಯ ಪಾತ್ರ ತನ್ನ ಬಗ್ಗೆ ತಾನು ಯೋಚಿಸಬೇಕು, ನಿನ್ನೆ ಕಲಿತದ್ದನ್ನು ಇಂದು ಬಳಸಬೇಕು. ಏನೂ ನೆನಪಿರದ ಮೀನು ಬದಲಾಗುವುದು ಹೇಗೆ? ವಿಕ್ಟೋರಿಯಾ ಸ್ಟ್ರೌಸ್ ಜೊತೆ ಬರೆದ ಆ ಚಿತ್ರಕಥೆ ಕಂಡುಕೊಂಡ ಉತ್ತರ, ನೆನಪು ತುಣುಕು ತುಣುಕಾಗಿ ಮರಳುವುದು. ಕಂಡ ಒಂದು ಚಿಪ್ಪು, ಕೇಳಿದ ಒಂದು ಮಾತು ಬಾಲ್ಯದ ಒಂದು ದೃಶ್ಯವನ್ನು ಎತ್ತಿ ತರುತ್ತದೆ. ಕೊನೆಗೆ ಅಪ್ಪ ಅಮ್ಮ ಮರಳಿನ ಮೇಲೆ ಹಾಸಿಟ್ಟ ಚಿಪ್ಪುಗಳ ಸಾಲು ಅವಳನ್ನು ಮನೆ ಮುಟ್ಟಿಸುತ್ತದೆ. ಅವಳ ದೌರ್ಬಲ್ಯವನ್ನು ಬರಹಗಾರರು ವಾಸಿ ಮಾಡಲಿಲ್ಲ. ಅದರ ಜೊತೆಗೇ ದಾರಿ ಹುಡುಕಿಕೊಟ್ಟರು. ಪಕ್ಕದ ಪಾತ್ರವನ್ನು ಮುಂದೆ ತರುವ ಮೊದಲು, ಅದನ್ನು ನಗೆಯ ಪಾತ್ರವನ್ನಾಗಿಸಿದ ಗುಣವೇ ಎರಡು ಗಂಟೆ ಹೊತ್ತು ಕಥೆ ಹೊರಬಲ್ಲದೇ ಎಂದು ಇದೇ ರೀತಿ ಪರೀಕ್ಷಿಸಿ.

ಹೊಸ ಪಾತ್ರಗಳ ಸಂಖ್ಯೆ ಕಡಿಮೆಯಿರಲಿ. 'ಮೋನಾ 2' ಮೊದಲು ಡಿಸ್ನಿ ಪ್ಲಸ್‌ಗಾಗಿ ಸರಣಿಯಾಗಿ ಯೋಜನೆಗೊಂಡಿತ್ತು, ನಂತರ 2024ರಲ್ಲಿ ಚಿತ್ರವಾಗಿ ಬದಲಾಯಿತು. ದೋಣಿಗೆ ಹತ್ತಿದ ಹೊಸ ಸಂಗಡಿಗರಿಗೆ ಸರಣಿಯಲ್ಲಾದರೆ ಒಂದೊಂದು ಕಂತು ಸಿಗುತ್ತಿತ್ತೇನೋ. ಚಿತ್ರದಲ್ಲಿ ಅವರು ಒಂದೊಂದು ಗುಣ ಹೊತ್ತ ಮುಖಗಳಾಗಿ ಉಳಿದರು ಎಂಬುದು ನನ್ನ ಅನಿಸಿಕೆ.

ನಮ್ಮ ಕಡೆ ಈಗ ಇನ್ನೊಂದು ಬಗೆಯ ಮುಂದುವರಿಕೆ ಶುರುವಾಗಿದೆ. ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ 'ಮಹಾವತಾರ್ ನರಸಿಂಹ' 2025ರ ಜುಲೈನಲ್ಲಿ ಕನ್ನಡದಲ್ಲೂ ಬಂತು. ಮುಂದೆ ಪರಶುರಾಮನಿಂದ ಕಲ್ಕಿಯವರೆಗೆ ಅವತಾರಗಳ ಚಿತ್ರಮಾಲೆ ಘೋಷಣೆಯಾಗಿದೆ. ಇಲ್ಲಿ ಪ್ರತಿ ಭಾಗಕ್ಕೂ ಲೋಕ ಬೇರೆ, ಸುತ್ತಲ ಜನ ಬೇರೆ. ಹಾಗಾದರೆ ಒಂದು ಚಿತ್ರವನ್ನು ಇನ್ನೊಂದಕ್ಕೆ ಹೊಲಿಯುವ ದಾರ ಯಾವುದು? ಪುರಾಣದಲ್ಲೇ ಅದಕ್ಕೊಂದು ಉತ್ತರವಿದೆ. ವೈಕುಂಠದ ಬಾಗಿಲು ಕಾಯುವ ಜಯ ವಿಜಯರು ಶಾಪದಿಂದ ಹಿರಣ್ಯಾಕ್ಷ ಹಿರಣ್ಯಕಶಿಪುಗಳಾಗಿ, ಆಮೇಲೆ ರಾವಣ ಕುಂಭಕರ್ಣರಾಗಿ, ಕೊನೆಗೆ ಶಿಶುಪಾಲ ದಂತವಕ್ತ್ರರಾಗಿ ಹುಟ್ಟುತ್ತಾರೆ. ಸ್ವಾಮಿಯ ಬಳಿಗೆ ಬೇಗ ಮರಳಬೇಕೆಂದು ಮೂರು ಜನ್ಮ ಅವನ ವೈರಿಗಳಾಗಿರಲು ಒಪ್ಪಿದವರು ಅವರು. ಕೊಂದು ಕೊಂದು ಮನೆಗೆ ಕರೆಸಿಕೊಳ್ಳುವ ಈ ಕಥೆಯನ್ನು ಎದುರಾಳಿಗಳ ಕಡೆಯಿಂದ ಬರೆದರೆ, ಅವತಾರಗಳ ಸರಣಿಗೆ ಅದಕ್ಕಿಂತ ಗಟ್ಟಿಯಾದ ಬೆನ್ನೆಲುಬು ನನಗೆ ಕಾಣುವುದಿಲ್ಲ.

ಹಂತ 4: ನಾಯಕನ ಮುಂದೆ ನಿಜವಾದ ಎರಡು ದಾರಿ ಇಡಿ

ಹೆಚ್ಚಿನ ಎರಡನೇ ಭಾಗಗಳು ಬೀಳುವುದು ಇಲ್ಲೇ. ಇದಕ್ಕೆ ಹೆಚ್ಚು ದಿನ ಕೊಡಿ.

'ಟಾಯ್ ಸ್ಟೋರಿ 2' ಮೊದಲು ನೇರವಾಗಿ ವಿಡಿಯೊ ಕ್ಯಾಸೆಟ್ಟಿಗೆಂದು ಶುರುವಾದ ಚಿತ್ರ. ಆಮೇಲೆ ಥಿಯೇಟರಿಗೆ ಎಂದು ನಿರ್ಧಾರವಾಯಿತು. 1998ರ ಕೊನೆಯ ಹೊತ್ತಿಗೆ ಚಿತ್ರದ ಕರಡು ರೀಲು ನೋಡಿದವರಿಗೆ ಕಥೆ ಕೈಕೊಟ್ಟಿದೆ ಎಂದು ತಿಳಿಯಿತು. ಬಿಡುಗಡೆ 1999ರ ನವೆಂಬರ್‌ಗೆ ನಿಗದಿಯಾಗಿತ್ತು. ಮೊದಲ ಭಾಗದ ನಿರ್ದೇಶಕ ಜಾನ್ ಲ್ಯಾಸೆಟರ್ ನಿರ್ದೇಶನದ ಹೊಣೆ ಹೊತ್ತರು, ಸುಮಾರು ಒಂಬತ್ತು ತಿಂಗಳಲ್ಲಿ ಚಿತ್ರವನ್ನು ಮತ್ತೆ ಕಟ್ಟಿದರು. ತಪ್ಪಿದ್ದು ಎಲ್ಲಿ ಎಂಬುದನ್ನು ಪಿಕ್ಸಾರ್‌ನ ಸಹಸ್ಥಾಪಕ ಎಡ್ ಕ್ಯಾಟ್‌ಮಲ್ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಗೊಂಬೆ ಸಂಗ್ರಹಿಸುವವನೊಬ್ಬ ಆ್ಯಂಡಿಯ ಕೌಬಾಯ್ ಗೊಂಬೆ ವುಡಿಯನ್ನು ಕದ್ದೊಯ್ಯುತ್ತಾನೆ. ಟೋಕಿಯೊದ ಮ್ಯೂಸಿಯಂ ಒಂದಕ್ಕೆ ಮಾರುವುದು ಅವನ ಯೋಜನೆ. ವುಡಿ ಅಲ್ಲಿಗೆ ಹೋಗಬಹುದು, ಇಲ್ಲವೇ ಆ್ಯಂಡಿಯ ಬಳಿಗೆ ಮರಳಬಹುದು. ಕಾಗದದ ಮೇಲೆ ಇದು ಆಯ್ಕೆಯೇ. ಆದರೆ ಮರಳುತ್ತಾನೆ ಎಂದು ನೋಡುವವರಿಗೆಲ್ಲ ಮೊದಲೇ ಗೊತ್ತು.

ಬರಹಗಾರರು ಇದನ್ನು ಹೇಗೆ ಸರಿಪಡಿಸಿದರು ನೋಡಿ. ಕೊನೆಯನ್ನು ಬದಲಿಸಲಿಲ್ಲ. ಮ್ಯೂಸಿಯಂ ಕಡೆಯ ತಟ್ಟೆಗೆ ತೂಕ ಹಾಕಿದರು. ಕೀಚು ದನಿ ಕೆಟ್ಟುಹೋದ ಪೆಂಗ್ವಿನ್ ಗೊಂಬೆ ವೀಜಿಯನ್ನು ಚಿತ್ರದ ಆರಂಭಕ್ಕೆ ತಂದರು. ಧೂಳು ಹಿಡಿದ ಕಪಾಟಿನಲ್ಲಿ ಮರೆತುಹೋದ ಗೊಂಬೆ ಅದು. ಅದನ್ನು ನೋಡಿದ ವುಡಿಗೂ, ನಮಗೂ, ಆ್ಯಂಡಿಯ ಮನೆಯಲ್ಲಿ ಮುಂದೆ ಕಾದಿರುವುದು ಏನು ಎಂದು ತಿಳಿಯುತ್ತದೆ. ಆಮೇಲೆ ಜೆಸ್ಸಿ, ಆ ಸಂಗ್ರಹದಲ್ಲಿ ವುಡಿಗೆ ಸಿಗುವ ಕೌಗರ್ಲ್ ಗೊಂಬೆ. ಅವಳನ್ನು ಪ್ರೀತಿಸಿದ ಹುಡುಗಿ ದೊಡ್ಡವಳಾಗಿ ಅವಳನ್ನು ಪೆಟ್ಟಿಗೆಗೆ ಹಾಕಿ ಬಿಟ್ಟುಹೋದದ್ದನ್ನು ರ್‍ಯಾಂಡಿ ನ್ಯೂಮನ್ ಬರೆದು ಸಾರಾ ಮೆಕ್‌ಲಾಕ್ಲನ್ ಹಾಡಿದ ಒಂದು ಹಾಡು ಹೇಳುತ್ತದೆ. ಆ ಹಾಡು ಮುಗಿಯುವ ಹೊತ್ತಿಗೆ ವುಡಿ ಮ್ಯೂಸಿಯಂಗೆ ಹೋದರೂ ತಪ್ಪಲ್ಲ ಎಂದು ನೋಡುಗರಿಗೆ ಅನಿಸಿಬಿಡುತ್ತದೆ. ಗಾಜಿನ ಹಿಂದೆ ಎಂದೆಂದಿಗೂ ಉಳಿಯಬಹುದು, ಯಾರೂ ಆಡಿಸುವುದಿಲ್ಲ. ಆ್ಯಂಡಿಯ ಜೊತೆ ಇದ್ದರೆ ಪ್ರೀತಿ ಉಂಟು, ಅದಕ್ಕೊಂದು ಕೊನೆಯೂ ಉಂಟು.

ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಅಪರಿಚಿತವಲ್ಲ. 'ಕರ್ಣಭೇದನ'ದಲ್ಲಿ ಕರ್ಣ ಪಾಂಡವರ ಕಡೆ ಹೋಗುವುದಿಲ್ಲ ಎಂದು ಚಾವಡಿಯಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತು. ಆದರೂ ಒಳ್ಳೆಯ ಅರ್ಥಧಾರಿ ಕೃಷ್ಣನ ಮಾತಿಗೆ ಎಷ್ಟು ಬಲ ತುಂಬುತ್ತಾನೆಂದರೆ, ಕರ್ಣ ಈಗ ಎದ್ದು ಹೋಗಿಬಿಡುತ್ತಾನೇನೋ ಎಂದು ಅರ್ಧ ಗಂಟೆ ನಾವು ಉಸಿರು ಬಿಗಿಹಿಡಿದು ಕೂರುತ್ತೇವೆ.

ನೀವು ಹೀಗೆ ಮಾಡಿ. ನಿಮ್ಮ ನಾಯಕ ಕೊನೆಯಲ್ಲಿ ಬಿಟ್ಟುಬಿಡುವ ದಾರಿ ಇದೆಯಲ್ಲ, ಅದರ ಪರವಾಗಿ ಒಂದು ಪುಟ ವಾದ ಬರೆಯಿರಿ. ಪ್ರಾಮಾಣಿಕವಾಗಿ, ಆ ಪಕ್ಷವನ್ನು ಗೆಲ್ಲಿಸಲೇಬೇಕೆಂಬ ಹಟದಿಂದ. ಬರೆದ ವಾದದಲ್ಲಿ ಒಂದು ಮಾತಾದರೂ ನಿಮ್ಮನ್ನೇ ಅಲುಗಿಸದಿದ್ದರೆ ಆಯ್ಕೆ ಇನ್ನೂ ಪೊಳ್ಳು. ಅಲುಗಿಸುವ ಮಾತು ಸಿಕ್ಕಿದರೆ ಅದನ್ನು ಸಂಭಾಷಣೆಗೆ ಹಾಕಬೇಡಿ, ಒಬ್ಬ ಪಾತ್ರದ ಬದುಕನ್ನಾಗಿ ಮಾಡಿ. ವೀಜಿ ಮತ್ತು ಜೆಸ್ಸಿ ವಾದಿಸುವುದಕ್ಕಿಂತ ಹೆಚ್ಚಾಗಿ ತಮಗೆ ಆದದ್ದನ್ನು ತೋರಿಸುತ್ತಾರೆ.

ಹಂತ 5: ಆರಂಭದ ಇಪ್ಪತ್ತು ನಿಮಿಷ

ಆರಂಭ ಕಟ್ಟುವುದು ಹೇಗೆಂದು ಮೈಕೆಲ್ ಆರ್ಂಟ್ ಒಂದು ಪಾಠವನ್ನೇ ಮಾಡಿದ್ದಾರೆ. 'ಟಾಯ್ ಸ್ಟೋರಿ 3' ಡಿಸ್ಕಿನ ಜೊತೆ ಬಂದ ಕಿರು ವಿಡಿಯೊ ಅದು. ಪಿಕ್ಸಾರ್ ಸೇರಿದ ಮೇಲೆ ಅಲ್ಲಿನ ಹಳೆಯ ಚಿತ್ರಗಳ ಆರಂಭಗಳನ್ನು ಬಿಚ್ಚಿ ನೋಡಿ ಅವರು ಕಂಡುಕೊಂಡ ಕ್ರಮ ಹೀಗಿದೆ: ನಾಯಕನಿಗೆ ಅತ್ಯಂತ ಪ್ರಿಯವಾದದ್ದನ್ನು ತೋರಿಸು. ಆ ಪ್ರೀತಿಯಿಂದಲೇ ಹುಟ್ಟಿದ ಒಂದು ದೋಷವನ್ನೂ ತೋರಿಸು. ದೂರದಲ್ಲಿ ಮೋಡ ಕವಿಯಲಿ. ಆಮೇಲೆ ಪ್ರಿಯವಾದದ್ದನ್ನೇ ಕಿತ್ತುಕೋ, ಅದರ ಮೇಲೆ ಅನ್ಯಾಯದ ಒಂದು ಬರೆಯನ್ನೂ ಎಳೆ. ಆಗ ನಾಯಕ ತಪ್ಪು ದಾರಿ ಆರಿಸುತ್ತಾನೆ, ನಾವು ಅವನನ್ನು ದೂರುವುದಿಲ್ಲ. ಮೊದಲ 'ಟಾಯ್ ಸ್ಟೋರಿ'ಯಲ್ಲಿ (1995) ವುಡಿಗೆ ಆ್ಯಂಡಿಯ ಮೆಚ್ಚಿನ ಗೊಂಬೆಯಾಗಿರುವುದೇ ಪ್ರಾಣ. ಹುಟ್ಟುಹಬ್ಬದ ದಿನ ಬಜ್ ಬಂದು ಆ ಜಾಗ ಕಿತ್ತುಕೊಳ್ಳುತ್ತಾನೆ. ಅವನಿಗೆ ತಾನು ಗೊಂಬೆಯೆಂಬುದೇ ಗೊತ್ತಿಲ್ಲ, ಅನ್ಯಾಯವೆನಿಸುವುದು ಅದು.

ಎರಡನೇ ಭಾಗದಲ್ಲಿ ಈ ಕ್ರಮಕ್ಕೆ ಒಂದು ಅನುಕೂಲವಿದೆ, ಒಂದು ತೊಂದರೆಯೂ ಇದೆ. ನಾಯಕನ ಪ್ರೀತಿ ಯಾವುದೆಂದು ಎಲ್ಲರಿಗೂ ಗೊತ್ತಿರುವುದು ಅನುಕೂಲ. ಹಳೆಯ ದೋಷವನ್ನು ಹಿಂದಿನ ಚಿತ್ರವೇ ತಿದ್ದಿಬಿಟ್ಟಿದೆ, ತೊಂದರೆ ಅದು. ಅದೇ ಪಾಠವನ್ನು ಮತ್ತೆ ಕಲಿಸಲು ಹೊರಟರೆ ನಾಯಕ ದಡ್ಡನಂತೆ ಕಾಣುತ್ತಾನೆ. ಆರ್ಂಟ್ ಮೂರನೇ ಭಾಗದಲ್ಲಿ ತಪ್ಪು ದಾರಿ ಹಿಡಿಯುವ ಸರದಿಯನ್ನು ವುಡಿಯಿಂದ ಇತರ ಗೊಂಬೆಗಳಿಗೆ ದಾಟಿಸಿದ್ದಾರೆ. ಆ್ಯಂಡಿ ಅವುಗಳನ್ನು ಅಟ್ಟಕ್ಕೆಂದು ಚೀಲಕ್ಕೆ ತುಂಬುತ್ತಾನೆ. ಅಮ್ಮ ಅದನ್ನು ಕಸವೆಂದು ಹೊರಗಿಡುತ್ತಾಳೆ. ನಮ್ಮನ್ನು ಎಸೆದರು ಎಂದು ನೊಂದ ಗೊಂಬೆಗಳು ತಾವಾಗಿ ದಾನದ ಪೆಟ್ಟಿಗೆ ಹತ್ತುತ್ತವೆ. ವುಡಿ ನಿಜ ಹೇಳಿದರೂ ನಂಬುವವರಿಲ್ಲ. ಅವು ನಂಬದೇ ಇರುವುದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಹಳೆಯ ಚಿತ್ರದ ನೆನಪು ಮಾಡಿಕೊಡಲು ಮೊದಲ ಹತ್ತು ನಿಮಿಷ ಕೊಡಬೇಡಿ. ಹೊಸ ನೋಡುಗರಿಗೆ ಬೇಕಾಗುವುದು ಈ ಪಾತ್ರಕ್ಕೆ ಏನು ಪ್ರಿಯ ಎಂಬ ಒಂದೇ ಮಾಹಿತಿ. ಒಳ್ಳೆಯ ದೃಶ್ಯವೊಂದು ಅದನ್ನು ಎರಡು ನಿಮಿಷದಲ್ಲಿ ಕೊಡುತ್ತದೆ.

ಹಂತ 6: ಎದುರಾಳಿ

ಇದನ್ನು ಬೇಗ ಹೇಳಿಬಿಡುತ್ತೇನೆ. ಎದುರಾಳಿಯನ್ನು ಹೆಚ್ಚು ಬಲಶಾಲಿ ಮಾಡುವುದರಿಂದ ಕಥೆ ದೊಡ್ಡದಾಗುವುದಿಲ್ಲ. ಆತ ನಾಯಕನ ಉಳಿದ ಪ್ರಶ್ನೆಗೆ ಅಂಟಿಕೊಂಡಿರಬೇಕು. 'ಕುಂಗ್ ಫು ಪಾಂಡಾ 2'ರ ನವಿಲು ಶೆನ್ ಬಳಿ ಫಿರಂಗಿಗಳಿವೆ. ಅವನು ಹೆದರಿಸುವುದು ಆ ಕಾರಣಕ್ಕಲ್ಲ, ಪೋವಿನ ಹೆತ್ತವರಿಗೆ ಏನಾಯಿತೆಂದು ಅವನಿಗೆ ಗೊತ್ತು. 'ಪುಸ್ ಇನ್ ಬೂಟ್ಸ್: ದ ಲಾಸ್ಟ್ ವಿಶ್' (2022) ಬರೆದ ಪಾಲ್ ಫಿಶರ್ ಮತ್ತು ಟಾಮಿ ಸ್ವೆರ್ಡ್‌ಲೋ, ಸಾವನ್ನೇ ತೋಳವಾಗಿ ತಂದು ನಿಲ್ಲಿಸಿದರು. ಒಂಬತ್ತು ಜೀವಗಳಲ್ಲಿ ಎಂಟನ್ನು ಮೋಜಿಗೆ ಕಳೆದ, ಸಾವನ್ನು ಕಂಡು ನಗುವೆ ಎಂದು ಜಂಬಪಟ್ಟ ಬೆಕ್ಕಿಗೆ ಬೇರೆ ಯಾವ ಎದುರಾಳಿಯೂ ಸಾಲುತ್ತಿರಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಮಕ್ಕಳ ಚಿತ್ರವೊಂದು ತೋರಿದ ಅತಿ ದೊಡ್ಡ ಧೈರ್ಯ ಇದೆಂದು ನಾನು ನಂಬುತ್ತೇನೆ.

ಹಂತ 7: ಬರೆದದ್ದನ್ನು ಬರೆದ ಹಾಗೇ ಇಟ್ಟುಕೊಳ್ಳಬೇಡಿ, ರೀಲು ಮಾಡಿ

ಅನಿಮೇಷನ್‌ನಲ್ಲಿ ಚಿತ್ರಕಥೆ ಒಂದೇ ಸಲ ಮುಗಿಯುವ ಕಾಗದವಲ್ಲ. ಬರೆದ ದೃಶ್ಯ ಸ್ಟೋರಿಬೋರ್ಡ್ ಕಲಾವಿದರ ಕೈಗೆ ಹೋಗುತ್ತದೆ. ಅವರು ಬಿಡಿಸಿದ ಚಿತ್ರಗಳನ್ನು ಸಾಲಾಗಿ ಜೋಡಿಸಿ, ಸ್ಟುಡಿಯೊದಲ್ಲೇ ಇರುವವರ ದನಿ ಹಾಕಿ, ತಾತ್ಕಾಲಿಕ ಸಂಗೀತ ಸೇರಿಸಿ ಇಡೀ ಚಿತ್ರದ ಕರಡು ರೀಲು ತಯಾರಿಸುತ್ತಾರೆ. ಅದನ್ನು ನೋಡುತ್ತಾರೆ, ಚರ್ಚಿಸುತ್ತಾರೆ, ಬಿಚ್ಚುತ್ತಾರೆ, ಮತ್ತೆ ಬರೆಯುತ್ತಾರೆ. ಕಂಪ್ಯೂಟರಿನಲ್ಲಿ ಪೂರ್ತಿ ಅನಿಮೇಟ್ ಮಾಡಿದ ದೃಶ್ಯವನ್ನು ಎಸೆಯುವುದು ಬಲು ದುಬಾರಿ, ಪೆನ್ಸಿಲ್ಲಿನ ಚಿತ್ರ ಎಸೆಯುವುದು ಅಗ್ಗ. ಪಿಕ್ಸಾರ್‌ನಲ್ಲಿ ರೀಲು ನೋಡಿ ಸಲಹೆ ಕೊಡುವ 'ಬ್ರೇನ್‌ಟ್ರಸ್ಟ್' ಎಂಬ ಗುಂಪಿಗೆ ಅಧಿಕಾರವಿಲ್ಲ. ತೊಡಕು ಎಲ್ಲಿದೆ ಎಂದು ಅವರು ಹೇಳುತ್ತಾರೆ, ಬಿಡಿಸುವುದು ನಿರ್ದೇಶಕರಿಗೆ ಬಿಟ್ಟದ್ದು.

ಮುಖ್ಯ ಉತ್ತರಗಳೇ ತಡವಾಗಿ ಸಿಗಬಹುದು, ಅದಕ್ಕೆ ಸಿದ್ಧರಿರಿ. ಜೆನಿಫರ್ ಲೀ ಚಿತ್ರಕಥೆ ಬರೆದ 'ಫ್ರೋಜನ್ 2'ರಲ್ಲಿ (2019) ಹಿಮದ ಶಕ್ತಿಯಿರುವ ರಾಣಿ ಎಲ್ಸಾಳನ್ನು ಕರೆಯುವ ದನಿ ಯಾರದೆಂದು ನಿರ್ಮಾಣ ಬಹಳ ದೂರ ಸಾಗುವವರೆಗೂ ತಂಡಕ್ಕೇ ಇತ್ಯರ್ಥವಾಗಿರಲಿಲ್ಲ. ಆ ಚಿತ್ರದ ತಯಾರಿಕೆಯ ಸಾಕ್ಷ್ಯಸರಣಿಯಲ್ಲಿ ಆ ಪರದಾಟವನ್ನು ಮುಚ್ಚಿಡದೆ ತೋರಿಸಿದ್ದಾರೆ, ಬರೆಯುವವರು ನೋಡಲೇಬೇಕಾದ ಸರಣಿ ಅದು. ಎಲ್ಸಾಳಿಗೆ ಶಕ್ತಿ ಏಕೆ ಬಂತು ಎಂಬುದು ಮೊದಲ ಚಿತ್ರ ಉಳಿಸಿದ ನಿಜವಾದ ಪ್ರಶ್ನೆಯೇ. ಆದರೂ ಆ ಚಿತ್ರದಲ್ಲಿ ವಿವರಣೆ ಆಯ್ಕೆಗಿಂತ ಹೆಚ್ಚಾಯಿತು ಎಂದು ನನಗನಿಸುತ್ತದೆ. ಹಿಂದಿನ ಕಥೆಗೆ ಉತ್ತರ ಕೊಡುವ ಪ್ರತಿ ದೃಶ್ಯದಲ್ಲೂ ಪಾತ್ರ ಈಗ ಏನನ್ನಾದರೂ ನಿರ್ಧರಿಸುತ್ತಿದೆಯೇ ಎಂದು ನೋಡಿ. ಇಲ್ಲದಿದ್ದರೆ ಆ ದೃಶ್ಯ ಕತ್ತರಿಸಿ.

ಒಂದು ಕಥೆಗೆ ಹಲವು ಕೈಗಳು ತಾಗುವುದರಿಂದ ಹೆದರಬೇಡಿ. 'ಟಾಯ್ ಸ್ಟೋರಿ 4'ರ (2019) ಕಥೆಯ ಹೆಸರಿನಡಿ ಎಂಟು ಜನರಿದ್ದಾರೆ, ಚಿತ್ರಕಥೆ ಸ್ಟೆಫನಿ ಫೋಲ್ಸಮ್ ಮತ್ತು ಸ್ಟ್ಯಾಂಟನ್ ಅವರದು. ಮೊದಲಿದ್ದ ರಶೀದಾ ಜೋನ್ಸ್ ಮತ್ತು ವಿಲ್ ಮೆಕಾರ್ಮ್ಯಾಕ್ ನಡುವೆ ಬಿಟ್ಟುಹೋದರೂ ಅವರ ಹೆಸರು ಕಥೆಯ ಪಟ್ಟಿಯಲ್ಲಿ ಉಳಿದಿದೆ. ಸಣ್ಣ ತಂಡಗಳಲ್ಲಿ ಇದನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ: ಕಥೆ ಯಾರದು, ಚಿತ್ರಕಥೆ ಯಾರದು, ಸ್ಟೋರಿಬೋರ್ಡಿನಲ್ಲಿ ಹೊಸ ದೃಶ್ಯ ಹುಟ್ಟಿಸಿದವರಿಗೆ ಏನು ಮನ್ನಣೆ. ಅಂದಹಾಗೆ, ಆಸ್ಕರ್ ಪ್ರಶಸ್ತಿಯಲ್ಲಿ ಮೊದಲ 'ಟಾಯ್ ಸ್ಟೋರಿ' ಮೂಲ ಚಿತ್ರಕಥೆ ವಿಭಾಗದಲ್ಲಿ ನಾಮನಿರ್ದೇಶನಗೊಂಡಿತ್ತು, ಮೂರನೆಯದು ರೂಪಾಂತರಿತ ಚಿತ್ರಕಥೆ ವಿಭಾಗದಲ್ಲಿ. ಹಳೆಯ ಪಾತ್ರಗಳ ಮೇಲೆ ಕಟ್ಟಿದ ಕಥೆಯನ್ನು ಅಲ್ಲಿ ರೂಪಾಂತರವೆಂದೇ ಎಣಿಸುತ್ತಾರೆ. ಬೇರೊಬ್ಬರ ಪಾತ್ರದ ಮುಂದಿನ ಭಾಗ ಬರೆಯುವುದಾದರೆ ಹಕ್ಕಿನ ಒಪ್ಪಿಗೆ ಪತ್ರ ಕೈಯಲ್ಲಿಲ್ಲದೆ ಒಂದು ಸಾಲೂ ಬರೆಯಬೇಡಿ.

ಹಂತ 8: ಇಬ್ಬರಿಗೆ ತೋರಿಸಿ

ರೀಲು ಸಿದ್ಧವಾದ ಮೇಲೆ ಎರಡು ಬಗೆಯವರನ್ನು ಬೇರೆ ಬೇರೆಯಾಗಿ ಕೂರಿಸಿ ತೋರಿಸಿ: ಮೊದಲ ಭಾಗವನ್ನು ತುಂಬ ಪ್ರೀತಿಸುವವರು, ಅದನ್ನು ನೋಡೇ ಇಲ್ಲದವರು. ಕಥೆ ಯಾರ ಬಗ್ಗೆಯೋ ಅವರಿಗೂ ತೋರಿಸಿದರೆ ಇನ್ನೂ ಒಳ್ಳೆಯದು. 'ಇನ್‌ಸೈಡ್ ಔಟ್ 2' ತಂಡ ಹದಿಹರೆಯದ ಹುಡುಗಿಯರ ಒಂದು ಗುಂಪಿಗೆ ಕೆಲಸದ ಉದ್ದಕ್ಕೂ ಚಿತ್ರ ತೋರಿಸಿ ಅಭಿಪ್ರಾಯ ಕೇಳಿತು. ಇಷ್ಟವಾಯಿತೇ ಎಂದು ಕೇಳಬೇಡಿ. ಹಳೆಯ ಚಿತ್ರ ನೋಡದವರನ್ನು, ಈ ಪಾತ್ರಕ್ಕೆ ಯಾವುದನ್ನು ಕಳೆದುಕೊಳ್ಳುವ ಭಯ ಎಂದು ಕೇಳಿ. ಉತ್ತರಿಸಲಾಗದಿದ್ದರೆ ಹಂತ 5ಕ್ಕೆ ಹಿಂತಿರುಗಿ. ಹಳೆಯ ಅಭಿಮಾನಿಗಳನ್ನು, ಮುಕ್ಕಾಲು ಕಥೆಯ ಹೊತ್ತಿಗೆ ಅಲ್ಲೇ ನಿಲ್ಲಿಸಿ, ಈಗ ಅವನು ಏನು ಮಾಡುತ್ತಾನೆ ಎಂದು ಕೇಳಿ. ಎಲ್ಲರೂ ಒಂದೇ ಉತ್ತರವನ್ನು ತಡವರಿಸದೆ ಹೇಳಿದರೆ ಹಂತ 4 ಇನ್ನೂ ಮುಗಿದಿಲ್ಲ. ಅವರೊಳಗೇ ಜಗಳ ಶುರುವಾದರೆ ರೀಲನ್ನು ಅನಿಮೇಟರುಗಳ ಕೈಗೆ ಕೊಡಬಹುದು.